ನಮ್ಮ ಮನೆಯ ಚಿತ್ರಪೆಟ್ಟಿಗೆ

ಗೃಹಸ್ಥನ ಮನೆಯಲ್ಲಿ ಪೆಟ್ಟಿಗೆಗಳು ಹಲವಿರುತ್ತವೆ. ಒಡವೆಯ ಪೆಟ್ಟಿಗೆ, ಕಾಗದಪತ್ರಗಳ ಪೆಟ್ಟಿಗೆ, ಔಷಧದ ಪೆಟ್ಟಿಗೆ ಇವುಗಳ ಉಪಯೋಗವನ್ನು ಯಾರಿಗೂ ವಿವರಿಸಿ ಹೇಳಬೇಕಾದುದಿಲ್ಲ. ಇವುಗಳ ಸಾಲಿನಲ್ಲಿ ನಮ್ಮ ಮನೆಯೊಳಗೆ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಇನ್ನೊಂದು ಪುಟ್ಟ ಪೆಟ್ಟಿಗೆಯುಂಟು. ಅದು ಒಂದು ಗೇಣು ಉದ್ದವೂ ಇಲ್ಲ. ತೂಕವು ಆರುನೂರು ಗ್ರಾಮಿಗಿಂತ ತುಸು ಹೆಚ್ಚು. ಫಿಲ್ಮಿನ ರೀಲು ತುಂಬಿ ಚಿತ್ರ ತೆಗೆಯತಕ್ಕ ಕ್ಯಾಮೆರಾ ಅದು. ಅದರ ಗುಣವನ್ನೂ, ಅದನ್ನು ಬಳಸುವ ಕ್ರಮವನ್ನೂ, ಅದನ್ನು ಕೈಯಲ್ಲಿ ಹಿಡಿದೇ ನಾನು ಮಾಡಿಕೊಂಡ ಒಂದು ನಷ್ಟವನ್ನೂ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಕೈಯೊಳಗಿನ ಮೊಬೈಲೇ ಚಿತ್ರ ತೆಗೆಯುವ ಈ ದಿನಗಳಲ್ಲಿ ಹಳೆಯ ಪೆಟ್ಟಿಗೆಯ ಮಾತು ಏತಕ್ಕೆಂದು ಕೇಳುವವರು ಕೊನೆಯವರೆಗೆ ಓದುವ ಕೃಪೆ ಮಾಡಬೇಕು.

ಈ ಕ್ಯಾಮೆರಾ ನನ್ನ ಸಂಪಾದನೆಯದಲ್ಲ. ಮುನಿರಾಬಾದಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಸೋದರಮಾವನವರು ಪರದೇಶದಿಂದ ಬಂದವರೊಬ್ಬರಿಂದ ಇದನ್ನು ಕೊಂಡಿದ್ದರು. 1989ರಲ್ಲಿ ನನಗೆ ಶಾಲೆಯ ಕೆಲಸ ದೊರೆತಾಗ ಆಶೀರ್ವಾದಪೂರ್ವಕವಾಗಿ ನನ್ನ ಕೈಗಿತ್ತರು. ಜಪಾನಿನ ಕ್ಯಾನನ್ ಕಂಪನಿಯವರ ‘ಕ್ಯಾನೊನೆಟ್ ಕ್ಯೂ.ಎಲ್. 17 ಜಿ-3’ ಎಂಬ ಹೆಸರಿನದು; 1972ರಲ್ಲಿ ಮೊದಲು ಹೊರಬಂದ ಜಾತಿ. ಅದರ ಲೆನ್ಸು 40 ಮಿಲಿಮೀಟರಿನದು. ಒಂದು ಸೆಕೆಂಡಿನ ಕಾಲುಭಾಗದಿಂದ ಐನೂರನೆಯ ಒಂದು ಭಾಗದವರೆಗೆ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ಷಟರು ಲೆನ್ಸಿನ ಒಳಗೇ ಇದ್ದು, ಚಿಟಿಕೆಗಿಂತಲೂ ಮೆಲ್ಲಗೆ ಸದ್ದು ಮಾಡುತ್ತದೆ.

ಇಂತಹ ಚಿಕ್ಕ ಕ್ಯಾಮೆರಾಗಳ ವಂಶವು ದೊಡ್ಡದು. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲನು ಚಲಚ್ಚಿತ್ರದ 35 ಮಿಲಿಮೀಟರ್ ಅಗಲದ ಫಿಲ್ಮನ್ನೇ ತೆಗೆದುಕೊಂಡು, 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಚಿತ್ರಗಳನ್ನು ತೆಗೆಯುವ ಯಂತ್ರವನ್ನು ರಚಿಸಿದನು. ಅದು ‘ಲೈಕಾ’ ಎಂಬ ಹೆಸರಿನಿಂದ 1925ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಜನರ ಮುಂದೆ ಬಂದಿತು. ಎದುರಿಗಿರುವ ವಸ್ತುವಿನ ದೂರವನ್ನು ತಾನೇ ಅಳೆದು ಲೆನ್ಸಿಗೆ ತಿಳಿಸುವ ಸಾಧನವು ಅದರೊಡನೆ ಕೂಡಿಕೊಂಡುದು 1932ರಲ್ಲಿ. ಅದೇ ‘ರೇಂಜ್‌ಫೈಂಡರ್’, ನಾವು ದೂರಮಾಪಕವೆನ್ನಬಹುದು. ಆ ಜರ್ಮನ್ ಯಂತ್ರಗಳು ಸಾಮಾನ್ಯ ಗೃಹಸ್ಥನ ಕೈಗೆಟುಕುವ ಬೆಲೆಯವಾಗಿರಲಿಲ್ಲ. 1961ರಲ್ಲಿ ಮೊದಲ ಕ್ಯಾನೊನೆಟ್ ಹುಟ್ಟಿದ ಮೇಲೆ, ಅದರಂತಹ ಜಪಾನಿನ ಕ್ಯಾಮೆರಾಗಳಿಂದ ಈ ವಿದ್ಯೆಯು ಸಂಬಳದ ಮೇಲೆ ಬದುಕುವವರ ಮನೆಗಳಿಗೂ ಕಾಲಿಟ್ಟಿತು.

ಇನ್ನು ದೂರಮಾಪಕದ ಕೆಲಸವನ್ನು ನೋಡೋಣ. ಕ್ಯಾಮೆರಾದ ಮುಂಭಾಗದಲ್ಲಿ, ಲೆನ್ಸಿನ ಮೇಲ್ಗಡೆ, ಕೆಲವು ಬೆರಳಿನ ಅಂತರದಲ್ಲಿ ಎರಡು ಪುಟ್ಟ ಕಿಟಕಿಗಳಿವೆ. ಎರಡರಿಂದಲೂ ಬರುವ ನೋಟಗಳು ಹಿಂಬದಿಯ ಒಂದೇ ಗೂಡಿನಲ್ಲಿ ನಮ್ಮ ಕಣ್ಣಿಗೆ ಕಾಣುತ್ತವೆ. ನೋಟದ ನಡುವೆ ಹಳದಿ ಛಾಯೆಯ ಒಂದು ಸಣ್ಣ ಚೌಕವುಂಟು. ಅಲ್ಲಿ ಒಬ್ಬನೇ ಮನುಷ್ಯನು ಇಬ್ಬರಾಗಿ ತೋರುತ್ತಾನೆ. ನಮ್ಮ ಶಾಸ್ತ್ರಕಾರರು ಭ್ರಮೆಗೆ ಉದಾಹರಣೆ ಕೊಡುವಾಗ, ಕಣ್ಣಿನ ದೋಷದಿಂದ ಒಂದೇ ಚಂದ್ರನು ಎರಡಾಗಿ ತೋರುವುದನ್ನು ಹೇಳುತ್ತಾರಷ್ಟೆ. ಈ ಯಂತ್ರವು ಅದೇ ಭ್ರಮೆಯನ್ನು ಬೇಕೆಂದೇ ಹುಟ್ಟಿಸಿ, ಅದನ್ನು ಪರಿಹರಿಸುವ ಉಪಾಯವನ್ನೂ ನಮ್ಮ ಬೆರಳಿಗೇ ಒಪ್ಪಿಸುತ್ತದೆ. ಲೆನ್ಸಿನ ಉಂಗುರವನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳು ಸಮೀಪಿಸಿ ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಲೆನ್ಸು ಆ ವಸ್ತುವಿನ ದೂರಕ್ಕೆ ಸರಿಯಾಗಿ ನಿಂತಿದೆಯೆಂದರ್ಥ. ಹೊಲ ಅಳೆಯುವವನು ಎರಡು ಕಡೆ ನಿಂತು ಕೋನ ಹಿಡಿದು ದೂರವನ್ನು ಲೆಕ್ಕ ಹಾಕುವಂತೆಯೇ ಇದೂ ತ್ರಿಕೋಣದ ಗಣಿತ.

ಇಲ್ಲಿ ಹೊಸಬರು ತಪ್ಪದೆ ತಿಳಿಯಬೇಕಾದ ಸಂಗತಿಯೊಂದಿದೆ. ಎರಡು ಕಿಟಕಿಗಳು ಅಡ್ಡಸಾಲಿನಲ್ಲಿರುವುದರಿಂದ ಬಿಂಬಗಳು ಅಡ್ಡಲಾಗಿ ಮಾತ್ರ ಸರಿಯುತ್ತವೆ. ಆದುದರಿಂದ ಮೆಟ್ಟಿಲಿನ ಅಂಚು, ಹೊಸ್ತಿಲು ಮುಂತಾದ ಅಡ್ಡಗೆರೆಗಳ ಮೇಲೆ ಚೌಕವನ್ನಿಟ್ಟರೆ ಅವು ಒಂದಾದವೋ ಇಲ್ಲವೋ ತಿಳಿಯುವುದಿಲ್ಲ. ಕಂಬದ ಏಣು, ಬಾಗಿಲ ಚೌಕಟ್ಟಿನ ನಿಲುವು, ಮೂಗಿನ ಗೆರೆ, ಕನ್ನಡಕದ ಅಂಚು ಇಂತಹ ನೆಟ್ಟನೆಯ ಗೆರೆಯನ್ನು ಹುಡುಕಿಕೊಳ್ಳತಕ್ಕದ್ದು. ಅದು ಸಿಕ್ಕದಿದ್ದರೆ ಕ್ಯಾಮೆರಾವನ್ನೇ ಅಡ್ಡ ತಿರುಗಿಸಿ ಕೂಡಿಸಿಕೊಂಡು, ಮರಳಿ ನೇರ ಹಿಡಿಯಬಹುದು.

ಈ ಯಂತ್ರದ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ ಮೂಲದಿಂದ ಬಂದವು. ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಬೇರೆಯೇ ಕಿಟಕಿಯ ಮೂಲಕ. ಚಿತ್ರದ ಮೇರೆಯನ್ನು ಆ ಕಿಟಕಿಯೊಳಗೆ ಬೆಳಕಿನ ಗೆರೆಯೊಂದು ತೋರಿಸುತ್ತದೆ. ಗೆರೆಯ ಹೊರಗಿರುವುದೂ ತಕ್ಕಮಟ್ಟಿಗೆ ಕಾಣುತ್ತಿರುತ್ತದೆ. ಯಾರು ಒಳಗೆ ಬರುತ್ತಿದ್ದಾರೆ, ಯಾರನ್ನು ಹೊರಗೆ ಬಿಡುತ್ತಿದ್ದೇವೆ ಎಂಬುದು ಮೊದಲೇ ತಿಳಿಯುತ್ತದೆ. ಇದು ಗುಣ. ದೋಷವೇನೆಂದರೆ, ಲೆನ್ಸಿಗೆ ಮುಚ್ಚಳ ಹಾಕಿದ್ದರೂ ನಮಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಲೇ ಇರುತ್ತದೆ. ನೋಡುವವನು ಬೇರೆ, ಪಡೆಯುವವನು ಬೇರೆ. ಒಬ್ಬನು ಕಂಡ ಮಾತ್ರಕ್ಕೆ ಇನ್ನೊಬ್ಬನಿಗೆ ದೊರೆಯಿತೆಂದು ನಂಬಕೂಡದು. ಈ ಪಾಠಕ್ಕೆ ನಾನು ತೆತ್ತ ಬೆಲೆಯನ್ನು ಈಗ ಹೇಳುವೆನು.

ನಮ್ಮ ತಾಯಿಯವರು ಚಿತ್ರಕ್ಕೆ ನಿಲ್ಲುವವರಲ್ಲ. ಚಿತ್ರ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುವುದೆಂಬ ಹಳೆಯ ನಂಬಿಕೆಯೂ, ಸ್ವಭಾವದ ಸಂಕೋಚವೂ ಅವರಿಗಿದ್ದುವು. ನನ್ನ ಮದುವೆಯ ಗುಂಪಿನ ಚಿತ್ರವೊಂದರಲ್ಲಿ ಅವರಿದ್ದಾರೆ. ಅದರಲ್ಲಿಯೂ ಸೆರಗು ಅರ್ಧ ಮುಖವನ್ನು ಮುಚ್ಚಿದೆ. 1992ರ ಕಾರ್ತಿಕ ಮಾಸದಲ್ಲಿ ಪಂಪಾಸರೋವರವನ್ನೂ ವಿರೂಪಾಕ್ಷನನ್ನೂ ನೋಡಬೇಕೆಂದು ಅವರು ಬಯಸಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವೆಲ್ಲವೂ ಆಗ ರಾಯಚೂರು ಜಿಲ್ಲೆಯ ತಾಲೂಕುಗಳು. ಕೊಪ್ಪಳವು ಬೇರೆ ಜಿಲ್ಲೆಯಾದುದು 1997ರಲ್ಲಿ. ಬೆಳಗಿನ ಬಸ್ಸಿಗೆ ಗಂಗಾವತಿಗೆ ಹೋಗಿ, ಅಲ್ಲಿಂದ ಆನೆಗೊಂದಿಯನ್ನು ಸೇರಿ, ಸರೋವರದ ದರ್ಶನ ಮುಗಿಸಿ, ನದಿ ದಾಟಲು ಹರಿಗೋಲನ್ನೇರಿದೆವು. ನೀರು ಸಿಡಿದೀತೆಂದು ನಾನು ಲೆನ್ಸಿಗೆ ಮುಚ್ಚಳ ಹಾಕಿದೆನು.

ಹರಿಗೋಲು ಹೊಳೆಯ ನಡುವೆ ಮೆಲ್ಲನೆ ತಿರುಗಿತು. ಎಳೆಬಿಸಿಲು ತಾಯಿಯವರ ಮುಖದ ಮೇಲೆ ಬಿದ್ದಿತು. ಗಾಳಿಗೆ ಸೆರಗು ಜಾರಿದ್ದಿತು, ಅವರು ಸರಿಪಡಿಸಿಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ತಮ್ಮ ತಂದೆಯೊಡನೆ ಇದೇ ಹೊಳೆಯನ್ನು ದಾಟಿದುದನ್ನು ಹರಿಗೋಲಿನವನಿಗೆ ಹೇಳುತ್ತ ನಗುತ್ತಿದ್ದರು. ನಾನು ಕ್ಯಾಮೆರಾ ಎತ್ತಿದೆನು. “ಈ ಮುದುಕಿ ಮಾರಿ ಏನು ತೆಗೀತಿಯೋ ತಮ್ಮಾ, ಆ ಗುಡ್ಡಾ ತೆಗಿ” ಎಂದರು. ಆದರೆ ಮುಖ ತಿರುಗಿಸಲಿಲ್ಲ. ಅವರ ಕಿವಿಯ ವಾಲೆಯ ಮೇಲೆ ಹಳದಿ ಚೌಕವನ್ನಿಟ್ಟು ಎರಡು ಬಿಂಬಗಳನ್ನು ಕೂಡಿಸಿ ನಾಲ್ಕು ಸಲ ಒತ್ತಿದೆನು. “ಬಂದಾವೇನೋ?” ಎಂದು ಕೇಳಿದರು. “ಬಂದಾವವ್ವಾ” ಎಂದೆನು.

ಇಲ್ಲಿ ಯಂತ್ರದ ಒಂದು ಸೂಕ್ಷ್ಮವನ್ನು ಹೇಳಬೇಕು. ಈ ಕ್ಯಾಮೆರಾದಲ್ಲಿ ಬೆಳಕನ್ನಳೆಯುವ ಕಣ್ಣು ಲೆನ್ಸಿನ ಅಂಚಿನೊಳಗೇ ಇದೆ. ಯಂತ್ರವನ್ನು ಸ್ವಯಂಚಾಲಿತ ಗುರುತಿಗೆ ಇಟ್ಟಿದ್ದರೆ, ಮುಚ್ಚಳದ ಕತ್ತಲೆಯಲ್ಲಿ ಅದು ಬೆಳಕಿಲ್ಲವೆಂದರಿತು ಗುಂಡಿ ಒತ್ತಲು ಬಿಡುವುದೇ ಇಲ್ಲ. ಆದರೆ ಅದಕ್ಕೆ ಬೇಕಾದ ಪುಟ್ಟ ಪಾದರಸದ ಬ್ಯಾಟರಿಯು ಆಗ ಸತ್ತಿದ್ದಿತು; ನಮ್ಮ ಊರಿನಲ್ಲಿ ದೊರೆಯದ ಕಾರಣ ನಾನು ಅಂದಾಜಿನ ಮೇಲೆ ಕೈಯಿಂದಲೇ ಬೆಳಕನ್ನು ಗೊತ್ತುಮಾಡಿ ತೆಗೆಯುತ್ತಿದ್ದೆನು. ಬ್ಯಾಟರಿಯಿಲ್ಲದೆಯೂ ಈ ಷಟರು ನಡೆಯುತ್ತದೆಂಬುದು ನನ್ನ ಹೆಮ್ಮೆಯ ವಿಷಯವಾಗಿದ್ದಿತು. ಎಚ್ಚರಿಸಬೇಕಾದ ಕಾವಲುಗಾರನಿಲ್ಲದೆ ಬಾಗಿಲು ನಾಲ್ಕು ಸಲ ಕತ್ತಲೆಗೇ ತೆರೆದು ಮುಚ್ಚಿತು.

ಆಚೆಯ ದಡವನ್ನು ಸೇರಿದ ಮೇಲೆ ಮುಚ್ಚಳ ಹಾಕಲು ಕೈಯಿಟ್ಟೆನು. ಅದು ಹಾಕಿಯೇ ಇದ್ದಿತು. ಈಗತಾನೆ ಹಾಕಿರಬೇಕೆಂದು ಮನಸ್ಸಿಗೆ ಹೇಳಿಕೊಂಡೆನು. ವಾಚಕರೇ, ಸತ್ಯವನ್ನು ಬರೆಯುವೆನು: ಸಂಶಯವು ಆಗಲೇ ಹುಟ್ಟಿದ್ದಿತು. ತಾಯಿಯವರು ಬಂಡೆಯ ಮೇಲೆ ಕುಳಿತು ಬುತ್ತಿಯ ಗಂಟನ್ನು ಬಿಚ್ಚುತ್ತಿದ್ದರು. “ಅವ್ವಾ, ಇನ್ನೊಂದು ಸಲ ಈ ಕಡೆ ನೋಡು” ಎಂದು ಕೇಳುವುದಕ್ಕೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಕೇಳಿದರೆ ತಪ್ಪನ್ನು ಒಪ್ಪಿಕೊಂಡಂತಾಗುವುದು. ಅಷ್ಟು ಹೆಮ್ಮೆಯ ಯಂತ್ರಕ್ಕೆ ಮುಚ್ಚಳ ತೆಗೆಯಲು ಮರೆತ ಮಾಸ್ತರನೆಂದು ಹರಿಗೋಲಿನವನು ನಗುವನು. ಕೇಳಲಿಲ್ಲ. ಮುಚ್ಚಳವನ್ನು ತೆಗೆದು, ಆನೆಗೊಂದಿಯ ಕಡೆಯ ಗುಡ್ಡಗಳಿಗೆ ಕ್ಯಾಮೆರಾ ಹಿಡಿದು ಮೂರು ಚಿತ್ರ ತೆಗೆದೆನು. ಮೂರನೆಯದನ್ನು ತೆಗೆಯುವಾಗ ಕಿಟಕಿಯೊಳಗೆ ಬೆಳಕಿನ ಗೆರೆಯ ಹೊರಗೆ, ಎಡಗಡೆ, ತಾಯಿಯವರು ರೊಟ್ಟಿ ಮುರಿಯುತ್ತ ಕುಳಿತಿದ್ದುದು ಕಾಣಿಸುತ್ತಿದ್ದಿತು. ಒಂದು ಮೊಳ ಸರಿದಿದ್ದರೆ ಒಳಗೆ ಬರುತ್ತಿದ್ದರು. ನಾನು ಸರಿಯಲಿಲ್ಲ.

ಮೂವತ್ತಾರು ಚಿತ್ರಗಳ ಆ ರೀಲಿನಲ್ಲಿ ಇನ್ನೂ ಒಂಬತ್ತಕ್ಕೆ ಸ್ಥಳವಿದ್ದಿತು. ಮುಗಿಯದ ರೀಲನ್ನು ತೊಳೆಯಿಸುವುದು ದುಂದೆಂದು ನಮ್ಮಂಥವರ ಲೆಕ್ಕ. ಕ್ಯಾಮೆರಾ ಕಪಾಟಿನಲ್ಲಿ ನಾಲ್ಕು ತಿಂಗಳು ಕುಳಿತಿತು. ತಾಯಿಯವರೂ ಅದೇ ಮನೆಯಲ್ಲಿ, ಅದೇ ಪಡಸಾಲೆಯಲ್ಲಿ ದಿನವೂ ಕುಳಿತಿರುತ್ತಿದ್ದರು. ಫಾಲ್ಗುಣದಲ್ಲಿ ಮೂರೇ ದಿನಗಳ ಜ್ವರದಿಂದ ತೀರಿಕೊಂಡರು. ಗೋಡೆಗೆ ಹಾಕಲು ದೊಡ್ಡ ಚಿತ್ರ ಮಾಡಿಸಬೇಕೆಂದು ನಾನು ರೀಲನ್ನು ತೆಗೆದುಕೊಂಡು ಸ್ಟುಡಿಯೋಕ್ಕೆ ಹೋದೆನು. ಮರುದಿನ ಆ ಪುಣ್ಯಾತ್ಮನು ನೆಗೆಟಿವನ್ನು ಬೆಳಕಿಗೆ ಹಿಡಿದು, ಬಹಳ ಮೆಲ್ಲಗೆ, “ಮಾಸ್ತರ, ಇಪ್ಪತ್ತೊಂದರಿಂದ ನಾಕು ಖಾಲಿ ಅದಾವ್ರಿ” ಎಂದನು. ಬೆಳಕು ಬೀಳದ ನೆಗೆಟಿವ್ ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಅದರ ಮೂಲಕ ನನಗೆ ಅವನ ಅಂಗಡಿಯ ಬಾಗಿಲೂ, ಬೀದಿಯೂ ಸ್ವಚ್ಛವಾಗಿ ಕಾಣಿಸಿದವು.

ಗುಡ್ಡದ ಮೂರು ಚಿತ್ರಗಳು ಚೆನ್ನಾಗಿ ಬಂದಿದ್ದುವು. ಮೂರನೆಯದರ ಎಡ ಮೂಲೆಯಲ್ಲಿ ಬಿಚ್ಚಿದ ಬುತ್ತಿಯ ಬಟ್ಟೆಯ ಚುಂಗೊಂದು ಬಿದ್ದಿದೆ. ನಮ್ಮ ಮನೆಯಲ್ಲಿ ಆ ದಿನದ ತಾಯಿಯವರ ಗುರುತೆಂದರೆ ಅದೊಂದೇ.

ಆಮೇಲೆ ನಾನು ಓದಿ ತಿಳಿದ ಸಂಗತಿಯೊಂದು ಈ ದುಃಖಕ್ಕೆ ಬೇರೊಂದು ಅರ್ಥವನ್ನು ಕೊಟ್ಟಿತು. ಅದೇ ಹೊಳೆಯ ದಡದ ಹಂಪೆಯ ಅವಶೇಷಗಳನ್ನು 1856ರಲ್ಲಿಯೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿಯು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದ್ದನು. ಆ ನೆಗೆಟಿವುಗಳು ಉಳಿದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವನು ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದುದರಿಂದ, ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಗೋಡೆ ಬಿದ್ದಿತು, ಯಾವುದು ನಿಂತಿತು ಎಂದು ಹೋಲಿಸಿ ನೋಡುವ ಹಾಗಾಯಿತು. ಗ್ರೀನ್‌ಲಾನ ಕಾಲದ ಕಾಗದಕ್ಕೆ ಬಹಳ ಹೊತ್ತು ಬೆಳಕು ಬೇಕು; ನಡೆದಾಡುವ ಮನುಷ್ಯನು ಅದರಲ್ಲಿ ಸಿಕ್ಕುವುದು ಕಷ್ಟ, ಕಲ್ಲು ಮಾತ್ರ ನಿಲ್ಲುವುದು. ನನ್ನ ಕೈಯಲ್ಲಿದ್ದುದು ಐನೂರನೆಯ ಒಂದು ಸೆಕೆಂಡಿನಲ್ಲಿ ನಗುವನ್ನೂ ಹಿಡಿಯಬಲ್ಲ ಯಂತ್ರ. ಆದರೂ ನಾನು ಕಲ್ಲನ್ನೇ ತಂದೆನು. ಗುಡ್ಡವು ಇಂದಿಗೂ ಅಲ್ಲಿಯೇ ಇದೆ.

ಅಂದಿನಿಂದ ನಾನು ಒಂದು ನಿಯಮವನ್ನು ಮಾಡಿಕೊಂಡೆನು: ಯಾವ ಊರಿಗೆ ಹೋದರೂ ಮೊದಲ ಚಿತ್ರ ಮನುಷ್ಯರದು, ಆಮೇಲೆ ಕಲ್ಲಿನದು. ಇಟಗಿಯ ಮಹಾದೇವ ದೇವಾಲಯವು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನಿಂದ 1112ರಲ್ಲಿ ಕಟ್ಟಲ್ಪಟ್ಟುದು. ಅಲ್ಲಿಯ ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ಶಾಲೆಯ ಮಕ್ಕಳೊಡನೆ ಅಲ್ಲಿಗೆ ಹೋದಾಗಲೂ ಕಂಬಗಳಿಗೆ ಮುಂಚೆ, ಕಂಬದ ನೆರಳಿನಲ್ಲಿ ಕುಳಿತ ಮಕ್ಕಳ ಚಿತ್ರ ತೆಗೆದೆನು. ಕಿನ್ನಾಳದಲ್ಲಿ ಮರದ ಗೊಂಬೆಗಳಿಗೆ ಬಣ್ಣ ಬರೆಯುತ್ತಿದ್ದ ಮುದುಕರೊಬ್ಬರನ್ನು ಕಿಟಕಿಯ ಬೆಳಕೊಂದರಿಂದಲೇ ಚಿತ್ರಿಸಿದೆನು. ಷಟರಿನ ಸದ್ದು ಮೆಲ್ಲಗಿದ್ದುದರಿಂದ ಅವರ ಕುಂಚವು ನಿಲ್ಲಲಿಲ್ಲ. ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ, ಪ್ರತಿ ಬೇಸಗೆಯ ರಜೆಗೆ ಮುಂಚೆ ಒಂದು ರೀಲನ್ನು ವಿದ್ಯಾರ್ಥಿಗಳ ಅಜ್ಜ ಅಜ್ಜಿಯರಿಗಾಗಿ ಮೀಸಲಿಟ್ಟು, ಒಂದೊಂದು ಪ್ರತಿಯನ್ನು ಅವರವರ ಮನೆಗೆ ಕೊಡುತ್ತ ಬಂದೆನು.

ಇಂತಹ ಕ್ಯಾಮೆರಾ ಹಿರಿಯರಿಂದ ಬಂದು ಕಪಾಟಿನಲ್ಲಿ ಕುಳಿತಿರುವ ಮನೆಗಳು ಈಗಲೂ ಇರಬಹುದು. ಅವರಿಗೆ ಅನುಭವದ ಕೆಲವು ಮಾತುಗಳನ್ನು ಹೇಳುವೆನು.

ಮೊದಲನೆಯದು, ಮುಚ್ಚಳವನ್ನು ತೆಗೆದೊಡನೆ ಜೇಬಿನಲ್ಲಿಡಿರಿ. ಜೇಬು ಬರಿದಾಗಿದ್ದರೆ ಗುಂಡಿ ಒತ್ತಬೇಡಿರಿ. ಎರಡನೆಯದು, ರೀಲು ತುಂಬಿದ ಮೇಲೆ ಒಂದೊಂದು ಚಿತ್ರಕ್ಕೂ ಫಿಲ್ಮು ಮುಂದೆ ಸರಿಸುವಾಗ ಎಡಗಡೆಯ ಸುತ್ತುವ ಗುಂಡಿಯು ತಿರುಗುತ್ತದೆಯೋ ನೋಡಿರಿ. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಸಿಕ್ಕಿಲ್ಲ. ಮೂವತ್ತಾರು ಸಲ ಒತ್ತಿದರೂ ಏನೂ ಬರುವುದಿಲ್ಲ. ಮೂರನೆಯದು ಬೆಳಕಿನ ಮಾತು. ನಮ್ಮ ಸೀಮೆಯ ನಿರ್ಮಲವಾದ ಬಿಸಿಲಿನಲ್ಲಿ 100ರ ವೇಗದ ಫಿಲ್ಮಿಗೆ ಎಫ್. 16ರ ಕಿಂಡಿಯೂ, 125ನೆಯ ಒಂದು ಸೆಕೆಂಡೂ ಸಾಕು. ಅಳೆಯುವ ಯಂತ್ರವೇ ಬೇಕಿಲ್ಲ. ಆದರೆ ನಡುಹಗಲಿನ ಬಿಸಿಲು ಮುಖಕ್ಕೆ ಶತ್ರು, ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿಗಳನ್ನು ಮಾಡುತ್ತದೆ. ಹಿರಿಯರನ್ನು ಪಡಸಾಲೆಯ ನೆರಳಿಗೆ ಕರೆತಂದು, ಅಂಗಳದ ಕಡೆ ಮುಖ ಮಾಡಿ ಕುಳ್ಳಿರಿಸಿ, ಕಿಂಡಿಯನ್ನು ಮೂರು ನಾಲ್ಕು ಮೆಟ್ಟಿಲು ಹಿರಿದು ಮಾಡಿರಿ.

ನಾಲ್ಕನೆಯದು ದೂರದ ಮಾತು. ಕಿಂಡಿಯು 16ರಲ್ಲಿದ್ದಾಗ ಉಂಗುರವನ್ನು ಹನ್ನೊಂದು ಅಡಿಗಿಟ್ಟರೆ, ಆರಡಿಯಿಂದ ಹಿಡಿದು ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗುವುದು. ಗವಿಸಿದ್ಧೇಶ್ವರನ ಜಾತ್ರೆಯಂತಹ ಜನಸಂದಣಿಯಲ್ಲಿ ಬಿಂಬ ಕೂಡಿಸುವ ಗೊಡವೆಯೇ ಬೇಡ. ಕಿಂಡಿಯನ್ನು ಪೂರ್ತಿ ತೆರೆದು ಮೂರಡಿಯಲ್ಲಿ ಕುಳಿತವರ ಮುಖ ತೆಗೆಯುವಾಗಲಾದರೋ, ಸ್ಪಷ್ಟತೆಯ ಆಳ ಮೂರು ಬೆರಳಿಗಿಂತ ಹೆಚ್ಚಿಲ್ಲ. ಕಣ್ಣಿನ ಮೇಲೆ ಬಿಂಬ ಕೂಡಿಸಿ, ಉಸಿರು ಬಿಗಿಹಿಡಿದು ಒತ್ತಬೇಕು. ಐದನೆಯದು ಯಂತ್ರದ ಆರೈಕೆ. ಈ ಹಳೆಯ ಯಂತ್ರಗಳ ಹಿಂಬಾಗಿಲಿನ ಸುತ್ತ ಬೆಳಕು ತಡೆಯುವ ಮೆತ್ತನೆಯ ಸ್ಪಂಜಿನ ಪಟ್ಟಿಯು ಕಾಲಕ್ರಮದಲ್ಲಿ ಕರಗಿ ಜಿಗುಟಾಗುತ್ತದೆ. ಅದನ್ನು ತೆಗೆಸಿ ಹೊಸದನ್ನು ಹಚ್ಚಿಸದಿದ್ದರೆ ಚಿತ್ರಗಳ ಮೇಲೆ ಬೆಳಕಿನ ಬರೆ ಬೀಳುವುದು. ಪಾದರಸದ ಬ್ಯಾಟರಿಗಳು ಈಗ ಮಾರಾಟಕ್ಕಿಲ್ಲ. ಅವುಗಳ ಶಕ್ತಿ 1.35 ವೋಲ್ಟ್. ಬದಲಿಗೆ ಹಾಕುವ 1.5 ವೋಲ್ಟಿನವು ಬೆಳಕಿನ ಅಳತೆಯನ್ನು ತಪ್ಪಿಸಬಹುದು. ಕೈಲೆಕ್ಕವೇ ಲೇಸು.

ಆರನೆಯದು ಎಲ್ಲಕ್ಕಿಂತ ಮುಖ್ಯವಾದುದು: ನೆಗೆಟಿವುಗಳನ್ನು ಕಾಪಾಡಿರಿ. ಪ್ರತಿಯೊಂದು ರೀಲಿಗೆ ಒಂದು ಲಕೋಟೆ, ಲಕೋಟೆಗೊಂದು ಸಂಖ್ಯೆ, ನೋಟುಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಊರು, ದಿನ, ಚಿತ್ರದಲ್ಲಿರುವವರ ಹೆಸರು. ಮೂರು ವರ್ಷಗಳ ಕೆಳಗೆ ಒಂದು ಸಂಜೆ ನಲವತ್ತರ ಹತ್ತಿರದ ಗೃಹಸ್ಥನೊಬ್ಬನು ನಮ್ಮ ಮನೆಗೆ ಬಂದು ಕಾಲಿಗೆರಗಿದನು. ಕುಷ್ಟಗಿಯ ಕಡೆಯ ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ನಾನು ಕೊಟ್ಟಿದ್ದ ಅವನ ಅಜ್ಜಿಯ ಚಿತ್ರವು ಮಳೆಗೆ ಮನೆ ಸೋರಿ ಹಾಳಾಗಿದ್ದಿತು. “ಗುರುಗಳ, ಆಕೀದು ಬ್ಯಾರೆ ಫೋಟೋ ಇಲ್ಲರೀ” ಎಂದನು. ಪುಸ್ತಕ ತೆರೆದು ಊರು ನೋಡಿದೆವು, ಸಂಖ್ಯೆ ನೋಡಿದೆವು. ಐದು ನಿಮಿಷಗಳಲ್ಲಿ ಲಕೋಟೆ ಸಿಕ್ಕಿತು. ನೆಗೆಟಿವನ್ನು ಬೆಳಕಿಗೆ ಹಿಡಿದು ಅವನಿಗೆ ತೋರಿಸಿದೆನು. ಕಪ್ಪು ಬಿಳುಪು ತಿರುವುಮುರುವಾಗಿದ್ದರೂ ಅವನು ಅಜ್ಜಿಯನ್ನು ಗುರುತಿಸಿದನು. ನನಗೆ ಆ ಸ್ಟುಡಿಯೋದ ಬಾಗಿಲಿನ ಬೆಳಕು ನೆನಪಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೊಬೈಲಿನಲ್ಲಿ ತೆಗೆದ ಚಿತ್ರವು ಒಡನೆಯೇ ಕಾಣುತ್ತದೆ. ಅದಿದ್ದಿದ್ದರೆ ನನ್ನ ತಪ್ಪು ಆಗುತ್ತಿರಲಿಲ್ಲವೆಂಬುದು ನಿಜ. ಅದನ್ನು ನಾನು ಹಳಿಯುವುದಿಲ್ಲ. ಮೊಮ್ಮಗಳು ನನ್ನನ್ನು ದಿನಕ್ಕೆ ಹತ್ತು ಸಲ ಅದರಲ್ಲಿ ಹಿಡಿಯುತ್ತಾಳೆ. ಆದರೆ ಗೆರೆಯ ಹೊರಗೆ ಕುಳಿತವರನ್ನು ಒಳಗೆ ಕರೆಯುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕದಲ್ಲಿ ರಾಮನೂ ಸೀತೆಯೂ ಲಕ್ಷ್ಮಣನೂ ಕೂಡಿ ತಮ್ಮ ಹಿಂದಿನ ಬಾಳಿನ ಚಿತ್ರಗಳನ್ನು ನೋಡುತ್ತಾರೆ. ಮುಂದೆ ಬರಲಿರುವ ಅಗಲಿಕೆಯನ್ನರಿಯದೆ ಒಟ್ಟಿಗೆ ಕುಳಿತು ನೋಡುವ ಆ ಹೊತ್ತೇ ಆ ಅಂಕದ ಜೀವ. ನಾನು ತರಗತಿಯಲ್ಲಿ ಅದನ್ನು ಎಷ್ಟೋ ಸಲ ಪಾಠ ಹೇಳಿದ್ದೆನು. ಅದು ನನಗೇ ಹೇಳಿದ ಮಾತೆಂದು ತಿಳಿದುದು ತಡವಾಗಿ.

ಈಗ ಫಿಲ್ಮು ದುಬಾರಿಯಾಗಿದೆ. ನಮ್ಮ ಕಡೆ ತೊಳೆಯುವವರೂ ಇಲ್ಲದೆ ಬೆಂಗಳೂರಿಗೆ ಕಳಿಸಬೇಕಾಗುತ್ತದೆ. ಆದುದರಿಂದ ವರ್ಷಕ್ಕೆ ಎರಡೇ ರೀಲು. ಆದರೆ ಈಗ ನಮ್ಮ ಮನೆಯಲ್ಲಿ ಮುಗಿಯದ ರೀಲು ಕಪಾಟಿನಲ್ಲಿ ಕುಳಿತಿರುವುದಿಲ್ಲ. ಹಬ್ಬ ಮುಗಿದು ಕೆಲವು ಚಿತ್ರಗಳು ಉಳಿದರೆ, ಮನೆಯ ಹಿರಿಯರನ್ನೂ ನೆರೆಯ ಹಿರಿಯರನ್ನೂ ಪಡಸಾಲೆಗೆ ಕರೆದು ಅಂದೇ ಅವನ್ನು ತೀರಿಸುತ್ತೇನೆ. ಒಂದು ಮಾತನ್ನು ಕೇಳಲು ನಾಚಿಕೆಪಡುವುದನ್ನೂ ಬಿಟ್ಟಿದ್ದೇನೆ. “ಮುಚ್ಚಳ ತೆಗೆಯಲು ಮರೆತೆ, ಇನ್ನೊಂದು ಸಲ ಈ ಕಡೆ ನೋಡಿರಿ” ಎಂದರೆ, ಬೇಡವೆಂದವರನ್ನು ನಾನು ಇದುವರೆಗೆ ಕಂಡಿಲ್ಲ.